ದುಡಿಮೆಗೆ ನಿವೃತ್ತಿಯಿಲ್ಲ



ನಿವೃತ್ತರಾದ ಮೇಷ್ಟ್ರ ಬದುಕು ಶಾಲೆಯ ಗೇಟಿನಲ್ಲೇ ಮುಗಿಯುತ್ತದೆಂದು ತಿಳಿದಿದ್ದೀರಾ? ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಯವರನ್ನು ನೆನೆಯಿರಿ. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ಅವರಿಗೆ 1969ರಲ್ಲಿ ಶ್ರೇಷ್ಠ ಶಿಕ್ಷಕ ರಾಷ್ಟ್ರಪ್ರಶಸ್ತಿ ಸಂದಿತು. ಪಾಠವೊಂದರಲ್ಲೇ ಅವರು ತೃಪ್ತರಾಗಲಿಲ್ಲ. ಕವಿತೆ, ಪತ್ರಿಕಾ ಬರಹ, ಕೃಷಿ, ಪಂಚಾಯತಿಯ ಕೆಲಸ ಎಲ್ಲವೂ ಅವರಿಗೆ ಬೇಕಿತ್ತು. ಮನೆಮಾತು ತುಳು, ತುಳುವಿನಲ್ಲೂ ಬರೆದರು, ಕನ್ನಡದಲ್ಲೂ ಬರೆದರು. ಒಂದು ಭಾಷೆಯ ಪ್ರೀತಿ ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ. ಮನೆಯಲ್ಲಿ ಉರ್ದು ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ನಮ್ಮ ಮಕ್ಕಳು ಇದನ್ನು ಮರೆಯಬಾರದು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅದು ಕರ್ನಾಟಕಕ್ಕೆ ಸೇರಬೇಕೆಂದು ಅವರು ದಶಕಗಳ ಕಾಲ ಹೋರಾಡಿದರು. ಆಸೆ ಕೈಗೂಡಲಿಲ್ಲ, ದುಡಿಮೆ ನಿಲ್ಲಲಿಲ್ಲ. ನೂರು ವರ್ಷ ತುಂಬಿಸಿ 2015ರ ಆಗಸ್ಟ್‌ನಲ್ಲಿ ಕಣ್ಮುಚ್ಚಿದರು. ಅವರ ಆತ್ಮಕಥೆಯ ಹೆಸರೇ ‘ದುಡಿತವೇ ನನ್ನ ದೇವರು’. ಫಲ ಸಿಗದಿದ್ದರೂ ದುಡಿಯುವುದನ್ನು ಬಿಡಬೇಡಿರೆಂಬುದೇ ಅವರ ಬದುಕು ನಮಗೆ ಹೇಳಿದ ಕೊನೆಯ ಪಾಠ.