ತಂತಿ ಕಡಿದರೂ ನಿಲ್ಲದ ಕೆಲಸ

ಮುಂಬಯಿಯ ಗವರ್ನರರು ಮಳೆಗಾಲವನ್ನು ಕಳೆಯುತ್ತಿದ್ದ ಬಂಗಲೆಯೇ ವಿಶ್ವವಿದ್ಯಾನಿಲಯದ ಮುಖ್ಯ ಭವನವಾಗಿ ಪರಿಣಮಿಸಿದ ಪುಣೆಯ ಗಣೇಶಖಿಂಡಿನಲ್ಲಿ, ಅಮೆರಿಕವು ತನ್ನ ಪ್ರಬಲತರವಾದ ಕ್ರೇ ಮಹಾಗಣಕಗಳನ್ನು ಭಾರತಕ್ಕೆ ಮಾರಲೊಪ್ಪದಿದ್ದ ಕಾಲದಲ್ಲಿ, 1988ರಲ್ಲಿ ಹುಟ್ಟಿದ ಸಿ-ಡ್ಯಾಕ್ ಸಂಸ್ಥೆಯು ವಿಜಯ ಭಟ್ಕರರ ನೇತೃತ್ವದಲ್ಲಿ ಮಹಾಗಣಕವೊಂದನ್ನು ನಿರ್ಮಿಸಲು ತೊಡಗಿತು. 1991ರಲ್ಲಿ ಸಿದ್ಧವಾದ ‘ಪರಮ್ 8000’ ಒಂದೇ ದೈತ್ಯಮಿದುಳನ್ನು ನೆಚ್ಚದೆ, ಟ್ರಾನ್ಸ್‌ಪ್ಯೂಟರ್‌ಗಳೆಂಬ ಅನೇಕ ಸಣ್ಣ ಸಂಸ್ಕಾರಕಗಳಿಗೆ ಒಂದು ಲೆಕ್ಕವನ್ನು ಹಂಚಿಕೊಟ್ಟಿತು. ಮುಂದೆ 2007ರಲ್ಲಿ ಇದೇ ನಗರದ ‘ಏಕ’ ಜಗತ್ತಿನ ವೇಗಶಾಲಿ ಗಣಕಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆಯಿತು. 2018ರಲ್ಲಿ ಇಲ್ಲಿಯದೇ ಪಾಷಾಣ್ ಬಡಾವಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಗೆ ‘ಪ್ರತ್ಯೂಷ್’ ಎಂಬ ಮಹಾಗಣಕ ಬಂದಿತು.

ಇಂತಹ ಯಂತ್ರಗಳು ಶೀತಲವಾದ ಕೋಣೆಗಳಲ್ಲಿ ವಾಸಿಸುವುವು; ಅವುಗಳಿಂದ ಕೆಲಸ ತೆಗೆಯುವವರು ಬೇರೆ ಕಟ್ಟಡದಲ್ಲೋ ಬೇರೆ ಊರಿನಲ್ಲೋ ಟರ್ಮಿನಲ್ಲಿನ ಮುಂದೆ ಕುಳಿತಿರುವರು. ದೊಡ್ಡ ಗಣನೆಗಳು ಸರದಿಯಲ್ಲಿ ನಿಂತು ತಾವಾಗಿ ನಡೆಯುವುವಾದರೂ, ಪ್ರೋಗ್ರಾಮನ್ನು ಕಂಪೈಲ್ ಮಾಡುವುದು, ಕಡತಗಳನ್ನು ಸಾಗಿಸುವುದು, ಫಲಿತಾಂಶಕ್ಕೆ ಕಾದಿರುವುದು ಇವೆಲ್ಲ ದೂರದ ಸಂಪರ್ಕವನ್ನೇ ನಂಬಿರುವುವು. ಆದರೆ ಟೆಲಿಫೋನ್ ತಂತಿಗಳ ಕಾಲದಲ್ಲಿ ಬೆಳೆದ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಒಂದು ಹಳೆಯ ಶೀಲವುಂಟು: ಸಂಪರ್ಕ ಕಡಿದೊಡನೆ, ಅತ್ತಲಿನವನು ರಿಸೀವರನ್ನು ಕೆಳಗಿಟ್ಟು ಹೊರಟನೆಂದೇ ಬಗೆದು, ಅವನ ಕೆಲಸಗಳಿಗೆಲ್ಲ ‘ಹ್ಯಾಂಗ್‌ಅಪ್’ ಎಂಬ ಸಂಕೇತವನ್ನು ಕಳುಹಿಸುವುದು, ಆ ಸಂಕೇತವನ್ನು ಪಡೆದ ಪ್ರೋಗ್ರಾಮು ಸಾಮಾನ್ಯವಾಗಿ ಅಲ್ಲಿಗೇ ಪ್ರಾಣಬಿಡುವುದು.

ಈ ಕ್ಲೇಶಕ್ಕೆ ಪರಿಹಾರವು 1987ರಲ್ಲಿ ಬರ್ಲಿನ್ನಿನಿಂದ ಬಂದಿತು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾನಿಲಯದ ಆಲಿವರ್ ಲೌಮನ್ ಮತ್ತು ಕಾರ್ಸ್ಟೆನ್ ಬೋರ್ಮನ್ ರಚಿಸಿದ ‘ಸ್ಕ್ರೀನ್’, ಮನುಷ್ಯನಿಗೂ ಪ್ರೋಗ್ರಾಮಿಗೂ ನಡುವೆ ತಾನೇ ಒಂದು ಕಲ್ಪಿತ ಟರ್ಮಿನಲ್ಲಾಗಿ ನಿಂತಿತು. ತಂತಿ ಕಡಿದರೆ ಮರೆಯಾಗುವುದು ಮನುಷ್ಯನ ಕಡೆಯ ತೆರೆ ಮಾತ್ರ. ಒಳಗಿನ ಟರ್ಮಿನಲ್ ಯಂತ್ರದಲ್ಲಿಯೇ ಉಳಿದಿರುವುದರಿಂದ ಪ್ರೋಗ್ರಾಮಿಗೆ ವಿಯೋಗದ ಸುದ್ದಿಯೇ ಮುಟ್ಟದು. ಬಳಕೆದಾರನು ಇಚ್ಛೆಯಿಂದ ‘ಡಿಟ್ಯಾಚ್’ ಮಾಡಿ ಮನೆಗೆ ಹೋಗಿ, ಮರುದಿನ ‘ಅಟ್ಯಾಚ್’ ಮಾಡಿದರೆ, ಹಲವು ಕಿಟಕಿಗಳಲ್ಲಿ ಹಲವು ಕೆಲಸಗಳು ನಡೆಯುತ್ತಲೇ ಇರುವುವು. 2007ರಲ್ಲಿ ನಿಕೋಲಸ್ ಮ್ಯಾರಿಯಟ್ ಬರೆದ ‘ಟಿಮಕ್ಸ್’ ಇದೇ ತತ್ತ್ವದ ಅರ್ವಾಚೀನ ರೂಪ. ಹಳೆಯದರಲ್ಲಿ ಕಂಟ್ರೋಲ್-ಎ ಆಗಿದ್ದ, ಆಜ್ಞೆಗಳಿಗೆ ಮುನ್ನ ಒತ್ತಬೇಕಾದ ಕೀಲಿಯು ಹೊಸದರಲ್ಲಿ ಕಂಟ್ರೋಲ್-ಬಿ ಆಯಿತು.

ನಮ್ಮ ಅವಧಾನಿಗಳ ಪರಿಚಯವುಳ್ಳವರಿಗೆ, ಬಿಟ್ಟ ಕೆಲಸಕ್ಕೆ ಹೀಗೆ ಮರಳುವುದು ಅಪೂರ್ವವಾಗಿ ತೋರದು. ಸಭೆಯಲ್ಲಿ ಪ್ರಶ್ನೆಯೊಡ್ಡುವ ಎಂಟು ಮಂದಿ ಪೃಚ್ಛಕರಲ್ಲಿ ಒಬ್ಬನಿಗೆ ಪದ್ಯದ ಒಂದು ಪಾದವನ್ನು ಹೇಳಿ, ಇನ್ನೊಬ್ಬನ ಕಡೆಗೆ ತಿರುಗಿ, ಸುತ್ತು ಬಂದು ಮೊದಲಿನವನ ಎರಡನೆಯ ಪಾದಕ್ಕೆ ತಪ್ಪದೆ ಮರಳುವ ಆ ಧಾರಣೆಯೇ ಇಲ್ಲಿಯ ಕೌಶಲ. ಆದರೆ ಅಂತರವೂ ಉಂಟು: ಯಂತ್ರವನ್ನೇ ನಿಲ್ಲಿಸಿ ಮತ್ತೆ ಹೊತ್ತಿಸಿದೊಡನೆ ಸ್ಕ್ರೀನ್, ಟಿಮಕ್ಸ್‌ಗಳ ಕಿಟಕಿಗಳೆಲ್ಲ ಅಳಿದುಹೋಗುವುವು, ಅವಧಾನಿಯಾದರೋ ಸಭೆ ಮುಗಿಯುವ ಹೊತ್ತಿಗೆ, ಸುತ್ತುಸುತ್ತಾಗಿ ಚದುರಿಹೋದ ಪದ್ಯಗಳನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿ ಏಳುವನು.