ಈವ್ (ರ‍್ಯಾಪ್ಸೊಡಿಯವರ ಆಲ್ಬಮ್)

ಈವ್ ಅಮೆರಿಕದ ರ‍್ಯಾಪ್ ಕಲಾವಿದೆ ರ‍್ಯಾಪ್ಸೊಡಿ ಅವರ ಮೂರನೆಯ ಸ್ಟುಡಿಯೋ ಆಲ್ಬಮ್. ಜಾಮ್ಲಾ ರೆಕಾರ್ಡ್ಸ್ ಮತ್ತು ರಾಕ್ ನೇಷನ್ ಸಂಸ್ಥೆಗಳು ಇದನ್ನು 2019ರ ಆಗಸ್ಟ್ 23ರಂದು ಬಿಡುಗಡೆ ಮಾಡಿದವು. ಇದರಲ್ಲಿ 16 ಭಾಗಗಳಿದ್ದು, ಪ್ರತಿಯೊಂದಕ್ಕೂ ಕಪ್ಪು ಮಹಿಳೆಯೊಬ್ಬರ ಹೆಸರನ್ನು ಇಡಲಾಗಿದೆ. ಆಲ್ಬಮ್‌ನ ಶೀರ್ಷಿಕೆಯು ಬೈಬಲ್‌ನಲ್ಲಿ ಬರುವ ಮೊದಲ ಸ್ತ್ರೀಯ ಹೆಸರಾಗಿದೆ. ವಿಮರ್ಶಕರಿಂದ ವ್ಯಾಪಕ ಪ್ರಶಂಸೆ ಪಡೆದ ಈ ಕೃತಿಯು ಗ್ರ್ಯಾಮಿ ಪ್ರಶಸ್ತಿಯ ನಾಮನಿರ್ದೇಶನದಿಂದ ಹೊರಗುಳಿಯಿತು.

ಹಿನ್ನೆಲೆ

ರ‍್ಯಾಪ್ಸೊಡಿ ಅವರ ಮೂಲ ಹೆಸರು ಮರ್ಲಾನಾ ಇವಾನ್ಸ್. ಇವರು 1983ರ ಜನವರಿ 21ರಂದು ಜನಿಸಿದರು. ಉತ್ತರ ಕೆರೊಲಿನಾ ರಾಜ್ಯದ ಸ್ನೋ ಹಿಲ್ ಎಂಬ ಸಣ್ಣ ಪಟ್ಟಣ ಇವರ ಊರು. ವಿದ್ಯಾರ್ಥಿ ದೆಸೆಯಲ್ಲಿ ಕೂಲಿ ಹೈ ಎಂಬ ಹಿಪ್-ಹಾಪ್ ತಂಡದಲ್ಲಿದ್ದ ಇವರು ಮುಂದೆ ಸಂಗೀತ ನಿರ್ಮಾಪಕ ನೈನ್ತ್ ವಂಡರ್ ಅವರ ಜಾಮ್ಲಾ ಸಂಸ್ಥೆಯನ್ನು ಸೇರಿದರು. 2012ರಲ್ಲಿ ಇವರ ಮೊದಲ ಆಲ್ಬಮ್ ಹೊರಬಂದಿತು. 2015ರಲ್ಲಿ ಕೆಂಡ್ರಿಕ್ ಲಮಾರ್ ಅವರ ಆಲ್ಬಮ್‌ನ ಹಾಡೊಂದರಲ್ಲಿ ದನಿಗೂಡಿಸಿದ ನಂತರ ಹೆಚ್ಚಿನ ಕೇಳುಗರಿಗೆ ಪರಿಚಿತರಾದರು. ಎರಡನೆಯ ಆಲ್ಬಮ್ ಲೈಲಾಸ್ ವಿಸ್ಡಮ್ (2017) ಅವರ ಅಜ್ಜಿಯ ಹೆಸರನ್ನು ಹೊತ್ತಿದೆ. ಅದಕ್ಕೆ ಶ್ರೇಷ್ಠ ರ‍್ಯಾಪ್ ಆಲ್ಬಮ್ ಮತ್ತು ಶ್ರೇಷ್ಠ ರ‍್ಯಾಪ್ ಹಾಡು ವಿಭಾಗಗಳಲ್ಲಿ ಗ್ರ್ಯಾಮಿ ನಾಮನಿರ್ದೇಶನ ದೊರೆಯಿತು. ಅಜ್ಜಿಯೊಬ್ಬಳ ಸ್ಮರಣೆಯಿಂದ ಆರಂಭವಾದ ಈ ಕ್ರಮವು ಈವ್‌ನಲ್ಲಿ ಇಡೀ ಸಮುದಾಯದ ಸ್ತ್ರೀ ಪರಂಪರೆಯತ್ತ ವಿಸ್ತರಿಸಿತು.

ಪರಿಕಲ್ಪನೆ ಮತ್ತು ಹಾಡುಗಳು

ಆಲ್ಬಮ್‌ನ ಹಾಡುಗಳು ಆ ಮಹಿಳೆಯರ ಜೀವನಚರಿತ್ರೆಗಳಲ್ಲ. ಪ್ರತಿಯೊಬ್ಬರ ಬದುಕಿನಿಂದ ಒಂದು ಗುಣವನ್ನೋ ಪ್ರಶ್ನೆಯನ್ನೋ ಆಯ್ದುಕೊಂಡು ರ‍್ಯಾಪ್ಸೊಡಿ ತಮ್ಮ ಅನುಭವದೊಂದಿಗೆ ಬೆಸೆಯುತ್ತಾರೆ. ‘ಓಪ್ರಾ’ ಹಣ ಹಾಗೂ ಸ್ವಾವಲಂಬನೆಯನ್ನು, ‘ಸೆರೀನಾ’ ಛಲವನ್ನು, ‘ಇಮಾನ್’ ಮೈಬಣ್ಣ ಮತ್ತು ಸೌಂದರ್ಯದ ಮಾನದಂಡಗಳನ್ನು ಕುರಿತಿವೆ. ‘ಮರ್ಲೀ’ ಹಾಡಿನ ಶೀರ್ಷಿಕೆಯು ನಾಗರಿಕ ಹಕ್ಕುಗಳ ಹೋರಾಟಗಾರ್ತಿ ಮರ್ಲೀ ಎವರ್ಸ್ ಅವರದು. ಇವರ ಪತಿ ಮೆಡ್ಗರ್ ಎವರ್ಸ್ ಅವರನ್ನು 1963ರಲ್ಲಿ ಹತ್ಯೆ ಮಾಡಲಾಯಿತು. ‘ಇಬ್ತಿಹಾಜ್’ ಹಾಡಿಗೆ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಹಿಜಾಬ್ ಧರಿಸಿ ಸ್ಪರ್ಧಿಸಿದ ಅಮೆರಿಕದ ಕತ್ತಿವರಸೆ ಆಟಗಾರ್ತಿ ಇಬ್ತಿಹಾಜ್ ಮುಹಮ್ಮದ್ ಅವರ ಹೆಸರಿದೆ. ಪ್ರಾಚೀನ ಈಜಿಪ್ಟನ್ನು ಆಳಿದ ರಾಣಿ ಹಟ್ಶೆಪ್ಸುತ್, ಗುಲಾಮಗಿರಿಯಿಂದ ಬಿಡಿಸಿಕೊಂಡು ಅದರ ವಿರುದ್ಧ ಹೋರಾಡಿದ ಸೊಜರ್ನರ್ ಟ್ರೂತ್, ಲೇಖಕಿ ಮಾಯಾ ಏಂಜೆಲೊ, ಮಿಶೆಲ್ ಒಬಾಮಾ ಮುಂತಾದವರ ಹೆಸರುಗಳೂ ಇವೆ.

ಮೊದಲ ಹಾಡು ‘ನೀನಾ’ ಗಾಯಕಿ ನೀನಾ ಸಿಮೋನ್ ಅವರ ಧ್ವನಿಮುದ್ರಣವೊಂದರ ತುಣುಕನ್ನು ಬಳಸುತ್ತದೆ. ಅದು ಕಪ್ಪು ಜನರನ್ನು ಗುಂಪುಗೂಡಿ ಕೊಂದು ಮರಕ್ಕೆ ನೇತುಹಾಕುತ್ತಿದ್ದ ಕ್ರೌರ್ಯದ ಕುರಿತ ‘ಸ್ಟ್ರೇಂಜ್ ಫ್ರೂಟ್’ ಹಾಡು. 1939ರಲ್ಲಿ ಬಿಲ್ಲಿ ಹಾಲಿಡೇ ಇದನ್ನು ಹಾಡಿ ಪ್ರಸಿದ್ಧಗೊಳಿಸಿದ್ದರು. ಕೊನೆಯ ಹಾಡು ‘ಅಫೇನಿ’ ರ‍್ಯಾಪ್ ಕಲಾವಿದ ಟೂಪಾಕ್ ಶಕೂರ್ ಅವರ ತಾಯಿ, ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಕಾರ್ಯಕರ್ತೆ ಅಫೇನಿ ಶಕೂರ್ ಅವರ ಹೆಸರಿನಲ್ಲಿದೆ. ಇದರಲ್ಲಿ ಟೂಪಾಕ್ 1993ರಲ್ಲಿ ಹಾಡಿದ ‘ಕೀಪ್ ಯಾ ಹೆಡ್ ಅಪ್’ನ ಧ್ವನಿ ಮರಳಿ ಕೇಳಿಬರುತ್ತದೆ. ಕಪ್ಪು ಮಹಿಳೆಯರಿಗೆ ಬೆಂಬಲವಾಗಿ ನಿಲ್ಲಬೇಕೆಂದು ಕಪ್ಪು ಪುರುಷರನ್ನು ಈ ಹಾಡು ಕೇಳಿಕೊಳ್ಳುತ್ತದೆ.

ಹೆಚ್ಚಿನ ಹಾಡುಗಳ ಸಂಗೀತ ನಿರ್ಮಾಣದಲ್ಲಿ ನೈನ್ತ್ ವಂಡರ್ ಮತ್ತು ಜಾಮ್ಲಾ ಬಳಗದ ನಿರ್ಮಾಪಕರು ಪಾಲ್ಗೊಂಡರು. ಅತಿಥಿ ಕಲಾವಿದರಾಗಿ ಡಿ'ಏಂಜೆಲೊ, ಜೀಝಾ, ಜೆ. ಕೋಲ್, ಕ್ವೀನ್ ಲತೀಫಾ, ಲೈಕೆಲಿ47, ಪಿ.ಜೆ. ಮಾರ್ಟನ್ ಮೊದಲಾದವರು ಹಾಡಿದ್ದಾರೆ.

ವಿಮರ್ಶಕರ ಪ್ರತಿಕ್ರಿಯೆ

ಬೇರೆ ಬೇರೆ ಪತ್ರಿಕೆಗಳ ವಿಮರ್ಶೆಗಳನ್ನು ಒಟ್ಟುಗೂಡಿಸಿ ಸರಾಸರಿ ಅಂಕ ನೀಡುವ ಮೆಟಾಕ್ರಿಟಿಕ್ ತಾಣವು ಈವ್ ಅನ್ನು ಸಾರ್ವತ್ರಿಕ ಮೆಚ್ಚುಗೆ ಪಡೆದ ಕೃತಿಗಳ ಸಾಲಿನಲ್ಲಿ ಸೇರಿಸಿತು. ಒಂದೇ ಪರಿಕಲ್ಪನೆಯನ್ನು ಆರಂಭದಿಂದ ಅಂತ್ಯದವರೆಗೆ ನಿಭಾಯಿಸಿದ ರೀತಿ, ಶ್ಲೇಷೆಗಳಿಂದ ತುಂಬಿದ ಬರವಣಿಗೆ ಹಾಗೂ ಸೋಲ್ ಸಂಗೀತದ ಆಧಾರದ ಮೇಲೆ ನಿಂತ ತಾಳವಿನ್ಯಾಸ ಪ್ರಶಂಸೆಗೆ ಪಾತ್ರವಾದವು.

ಹಳೆಯ ಧ್ವನಿಮುದ್ರಣಗಳ ಬಳಕೆಯೂ ಗಮನ ಸೆಳೆಯಿತು. ‘ಇಬ್ತಿಹಾಜ್’ ಹಾಡು ಜೀಝಾ ಅವರ 1995ರ ‘ಲಿಕ್ವಿಡ್ ಸ್ವೋರ್ಡ್ಸ್’ ಹಾಡನ್ನು ಆಧರಿಸಿದೆ. ಹೀಗೆ ಪುರುಷರ ಹಾಡೆಂದು ನೆಲೆಗೊಂಡಿದ್ದ ಸಂಗೀತದ ಮೇಲೆ ಮಹಿಳೆಯ ಹೆಸರು ಬಂದು ಕೂರುತ್ತದೆ. ‘ಕ್ಲಿಯೋ’ ಎಂಬುದು 1996ರ ‘ಸೆಟ್ ಇಟ್ ಆಫ್’ ಚಲನಚಿತ್ರದಲ್ಲಿ ಕ್ವೀನ್ ಲತೀಫಾ ನಿರ್ವಹಿಸಿದ ಪಾತ್ರದ ಹೆಸರು. ಅದೇ ಲತೀಫಾ ‘ಹಟ್ಶೆಪ್ಸುತ್’ ಹಾಡಿನಲ್ಲಿ ಸ್ವತಃ ದನಿಗೂಡಿಸಿದ್ದು, ಎರಡು ತಲೆಮಾರಿನ ರ‍್ಯಾಪ್ ಕಲಾವಿದೆಯರ ನಡುವಿನ ಕೊಂಡಿಯಾಗಿದೆ.

ಅದೇ ವರ್ಷದ ಮೇ ತಿಂಗಳಲ್ಲಿ ಶಿಕಾಗೋದ ಗಾಯಕಿ ಜಮೀಲಾ ವುಡ್ಸ್ ಅವರ ಲೆಗಸಿ! ಲೆಗಸಿ! ಆಲ್ಬಮ್ ಬಿಡುಗಡೆಯಾಗಿತ್ತು. ಅದರ ಹಾಡುಗಳಿಗೂ ಲೇಖಕ-ಕಲಾವಿದರ ಹೆಸರುಗಳಿದ್ದುದರಿಂದ ಎರಡೂ ಕೃತಿಗಳು ಹೋಲಿಕೆಗೆ ಒಳಗಾದವು. ವುಡ್ಸ್ ಅವರ ಪಟ್ಟಿಯಲ್ಲಿ ಪುರುಷರೂ ಇದ್ದಾರೆ. ಈವ್‌ನ ಶೀರ್ಷಿಕೆಗಳೆಲ್ಲ ಮಹಿಳೆಯರವೇ.

ಮಹಿಳಾ ರ‍್ಯಾಪ್ ಕುರಿತ ಚರ್ಚೆ

ಆಲ್ಬಮ್ ಬಿಡುಗಡೆಯಾಗುವ ಮುನ್ನವೇ, 2019ರ ಜುಲೈನಲ್ಲಿ, ಸಂಗೀತ ನಿರ್ಮಾಪಕ ಜರ್ಮೇನ್ ಡುಪ್ರಿ ಅವರು ಅಂದಿನ ಮಹಿಳಾ ರ‍್ಯಾಪ್ ಕಲಾವಿದರೆಲ್ಲ ಒಂದೇ ಬಗೆಯ ವಿಷಯಗಳನ್ನು ಹಾಡುತ್ತಾರೆಂದು ಟೀಕಿಸಿದ್ದರು. ಇದಕ್ಕೆ ಉತ್ತರಿಸಿದ ಕಾರ್ಡಿ ಬಿ, ಭಿನ್ನವಾಗಿ ಬರೆಯುವ ಮಹಿಳೆಯರಿದ್ದರೂ ಅವರಿಗೆ ಬೆಂಬಲ ಸಿಗುತ್ತಿಲ್ಲವೆಂದು ಹೇಳಿ ರ‍್ಯಾಪ್ಸೊಡಿ, ಟಿಯೆರಾ ವ್ಯಾಕ್ ಮುಂತಾದವರನ್ನು ಹೆಸರಿಸಿದರು. ಈ ಹಿನ್ನೆಲೆಯಲ್ಲಿ ಈವ್‌ನ ಸ್ವಾಗತವು ಒಂದು ಆಲ್ಬಮ್‌ನ ಗುಣದೋಷಗಳಿಗಷ್ಟೇ ಸೀಮಿತವಾಗಿರಲಿಲ್ಲ. ರ‍್ಯಾಪ್ಸೊಡಿಯವರನ್ನು ಹೊಗಳುವ ನೆಪದಲ್ಲಿ ಇತರ ಕಲಾವಿದೆಯರನ್ನು ಹೀಗಳೆಯುವ ರೂಢಿಯೂ ಪ್ರಶ್ನೆಗೆ ಒಳಗಾಯಿತು. ರೂಪದರ್ಶಿ, ರಾಣಿ, ಆಟಗಾರ್ತಿ, ಹೋರಾಟಗಾರ್ತಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುವ ಆಲ್ಬಮ್‌ನ ರಚನೆಯೇ ಇಂತಹ ಶ್ರೇಣೀಕರಣಕ್ಕೆ ವಿರುದ್ಧವಾಗಿದೆ.

ಪ್ರಶಸ್ತಿಗಳು

2020ರ ಜನವರಿಯಲ್ಲಿ ನಡೆದ 62ನೆಯ ಗ್ರ್ಯಾಮಿ ಸಮಾರಂಭದ ಶ್ರೇಷ್ಠ ರ‍್ಯಾಪ್ ಆಲ್ಬಮ್ ವಿಭಾಗದ ಐದು ನಾಮನಿರ್ದೇಶಿತ ಕೃತಿಗಳಲ್ಲಿ ಈವ್ ಇರಲಿಲ್ಲ. ಹಿಂದಿನ ವರ್ಷವಷ್ಟೇ ಕಾರ್ಡಿ ಬಿ ಈ ವಿಭಾಗದಲ್ಲಿ ಗೆದ್ದ ಮೊದಲ ಏಕವ್ಯಕ್ತಿ ಕಲಾವಿದೆ ಎನಿಸಿದ್ದರು. 2020ರ ಬಿಇಟಿ ಹಿಪ್-ಹಾಪ್ ಪ್ರಶಸ್ತಿಗಳಲ್ಲಿ ರ‍್ಯಾಪ್ಸೊಡಿ ವರ್ಷದ ಶ್ರೇಷ್ಠ ಗೀತರಚನಕಾರ ಪ್ರಶಸ್ತಿಗೆ ಪಾತ್ರರಾದರು. ಈ ಪ್ರಶಸ್ತಿ ಪಡೆದ ಮೊದಲ ಮಹಿಳೆ ಇವರು.

ನಂತರದ ಬೆಳವಣಿಗೆ

ರ‍್ಯಾಪ್ಸೊಡಿಯವರ ಮುಂದಿನ ಆಲ್ಬಮ್ ಪ್ಲೀಸ್ ಡೋಂಟ್ ಕ್ರೈ 2024ರಲ್ಲಿ ಹೊರಬಂದಿತು. ಎರಿಕಾ ಬಾಡು ಅವರೊಂದಿಗೆ ಹಾಡಿದ ಅದರ ‘3:ಎಎಂ’ ಹಾಡಿಗೆ 2025ರ ಫೆಬ್ರವರಿಯಲ್ಲಿ ಶ್ರೇಷ್ಠ ಮೆಲೋಡಿಕ್ ರ‍್ಯಾಪ್ ವಿಭಾಗದ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಇದು ಅವರಿಗೆ ದೊರೆತ ಮೊದಲ ಗ್ರ್ಯಾಮಿ.