ಬಂಕೇಯನ ದಾನ, ವೀರನಂದಿಗಳ ನಕಲು

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬನವಾಸಿ ನಾಡಿನ ಅಧಿಪತಿಯಾಗಿದ್ದ ಬಂಕೇಯನ ಹೆಸರನ್ನು ಬಂಕಾಪುರವು ಇಂದಿಗೂ ಹೊತ್ತು ನಿಂತಿದೆ. ಆದರೆ ಆತನ ಸಾರ್ವಜನಿಕ ಜೀವನದ ವಿವರಗಳು ದೊರೆಯುವುದು ಮುಖ್ಯವಾಗಿ ಕೊಣ್ಣೂರಿನ ಶಿಲಾಶಾಸನವೊಂದರಿಂದ. ಶಾಸನದಲ್ಲಿ ಕೊಳನೂರೆಂದು ಕರೆಯಲ್ಪಟ್ಟಿರುವ ಈ ಊರು ಇಂದು ಗದಗ ಜಿಲ್ಲೆಯ ನರಗುಂದ ತಾಲ್ಲೂಕಿಗೆ ಸೇರಿದೆ. ವಿದ್ವಾಂಸ ಕೀಲ್‌ಹಾರ್ನ್ ಇದನ್ನು ಎಪಿಗ್ರಾಫಿಯಾ ಇಂಡಿಕಾದ 6ನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದರು.

ಶಾಸನದ ಕಾಲ ಶಕವರ್ಷ 782, ಅಂದರೆ ಕ್ರಿ.ಶ. 860ರ ಆಶ್ವಯುಜ ಮಾಸದ ಹುಣ್ಣಿಮೆ. ಅಂದು ಚಂದ್ರಗ್ರಹಣ. ಮಾನ್ಯಖೇಟದಲ್ಲಿದ್ದ ಅಮೋಘವರ್ಷನು ಬಂಕೇಯನ ವಿಜ್ಞಾಪನೆಯ ಮೇರೆಗೆ ತಲೆಯೂರೆಂಬ ಗ್ರಾಮವನ್ನೂ ಬೇರೆ ಗ್ರಾಮಗಳಲ್ಲಿನ ಕೆಲವು ಭೂಮಿಗಳನ್ನೂ ದಾನವಿತ್ತನು. ದಾನ ಸಂದದ್ದು ಕೊಳನೂರಿನಲ್ಲಿ ಬಂಕೇಯನು ಕಟ್ಟಿಸಿದ್ದ ಜಿನಾಲಯಕ್ಕಾಗಿ. ಸ್ವೀಕರಿಸಿದವರು ದೇವೇಂದ್ರ ಮುನಿಗಳು.

ಮುಕುಳ ಕುಲದ ಬಂಕೇಯನು ಗಂಗರ ಮೇಲಿನ ದಂಡಯಾತ್ರೆಯಲ್ಲಿ ಮುನ್ನಡೆದು ಕೇದಾಳದ ಕೋಟೆಯನ್ನು ಹಿಡಿದನು. ಅಷ್ಟರಲ್ಲಿ ರಾಜ್ಯದೊಳಗೆ ದಂಗೆಯೆದ್ದಿತು. ಅರಸನು ಆತನನ್ನು ಹಿಂದಕ್ಕೆ ಕರೆಸಿದನು. ಮೂರು ತಿಂಗಳೊಳಗಾಗಿ ಶತ್ರುಗಳನ್ನು ಗೆಲ್ಲದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಬಂಕೇಯನು ಪ್ರತಿಜ್ಞೆಗೈದು, ಅದನ್ನು ನೆರವೇರಿಸಿದನು. ಅರಸನ ಪ್ರಸಾದದಿಂದ ಬನವಾಸಿ ಮೊದಲಾದ 30,000 ಗ್ರಾಮಗಳ ಆಡಳಿತ ಆತನಿಗೆ ದೊರೆತಿತ್ತೆಂದೂ ಶಾಸನ ತಿಳಿಸುತ್ತದೆ.

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜವು ಇದನ್ನು ಓದುವಾಗ ಒಂದು ಪ್ರಶ್ನೆ ಏಳದಿರದು. ಖಡ್ಗ ಹಿಡಿದವನು ಶ್ರಾವಕನೆನಿಸುವುದು ಹೇಗೆ? ಗೃಹಸ್ಥನ ಅಹಿಂಸಾವ್ರತವು ಅಣುವ್ರತ. ಸಂಕಲ್ಪಪೂರ್ವಕ ಹಿಂಸೆಯನ್ನು ಆತ ತೊರೆಯಲೇಬೇಕು. ರಾಜ್ಯರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯನ್ನು ಆಚಾರ್ಯರು ಬೇರೆಯಾಗಿ ಎಣಿಸಿದ್ದಾರೆ. ಈ ವಿವೇಚನೆಯಿಂದ ದಂಗೆಯನ್ನಡಗಿಸಿದ್ದಕ್ಕೆ ಸಮಾಧಾನ ಹೇಳಬಹುದು. ಪರರ ಕೋಟೆಯನ್ನು ಹಿಡಿದದ್ದಕ್ಕೆ ಅದೇ ಸಮಾಧಾನ ಸುಲಭವಾಗಿ ಒಪ್ಪದು. ಶಾಸನವು ಎರಡನ್ನೂ ಮರೆಮಾಚಿಲ್ಲ. ದಾನದ ಜೊತೆಗೆ ಯುದ್ಧವನ್ನೂ ಬರೆದಿರುವುದರಿಂದಲೇ ಅದು ಮನುಷ್ಯನೊಬ್ಬನ ಇಡೀ ಬಾಳಿನ ಲೆಕ್ಕವಾಗಿದೆ.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಇಷ್ಟೊಂದು ಗ್ರಾಮಗಳನ್ನಾಳಿದವನು ತನ್ನ ಜಿನಾಲಯಕ್ಕೆ ಗ್ರಾಮವೊಂದನ್ನು ತಾನಾಗಿಯೇ ಬರೆದುಕೊಡಲಿಲ್ಲ, ಅರಸನಲ್ಲಿ ವಿಜ್ಞಾಪಿಸಿಕೊಂಡನು. ಬಸದಿ ಕಟ್ಟಿಸಿದ್ದು ಆತನ ಧರ್ಮ. ಭೂಮಿ ಕೊಡುವ ಅಧಿಕಾರ ಅರಸನದು. ಎರಡರ ನಡುವಿನ ಗೆರೆ ಶಾಸನದಲ್ಲಿ ಅಳಿಸಿಹೋಗಿಲ್ಲ.

ಈಗಿರುವ ಕಲ್ಲು ಬಂಕೇಯನ ಕಾಲದ್ದಲ್ಲ. ಮೂಲ ದಾನಪತ್ರ ತಾಮ್ರದ ಮೇಲಿತ್ತು. ಸುಮಾರು 300 ವರ್ಷಗಳ ತರುವಾಯ, ಕೊಳನೂರಿನ ಮಹಾಪ್ರಭು ಹುಳಿಯಮರಸನೂ ಇತರರೂ ಕೇಳಿಕೊಂಡ ಮೇಲೆ, ಮೇಘಚಂದ್ರ ತ್ರೈವಿದ್ಯರ ಪರಂಪರೆಯ ವೀರನಂದಿಗಳು ಆ ತಾಮ್ರಶಾಸನವನ್ನು ನೋಡಿ ಕಲ್ಲಿನ ಮೇಲೆ ಬರೆಯಿಸಿದರು. ಮೇಘಚಂದ್ರರು ಶ್ರವಣಬೆಳಗೊಳದಲ್ಲಿ ಕ್ರಿ.ಶ. 1115ರಲ್ಲಿ ಸಮಾಧಿಮರಣವನ್ನು ಹೊಂದಿದವರು. ಆದುದರಿಂದ ಈ ನಕಲು 12ನೆಯ ಶತಮಾನದ್ದು.

ನಕಲನ್ನು ಮೂಲವೆಂದು ತೋರಿಸಿಕೊಳ್ಳುವ ಆಸೆ ಎಲ್ಲ ಕಾಲಕ್ಕೂ ಉಂಟು. ಆಸ್ತಿಯ ವಿಷಯದಲ್ಲಂತೂ ಆ ಆಸೆ ಇನ್ನೂ ಪ್ರಬಲ. ವೀರನಂದಿಗಳು ಹಾಗೆ ಮಾಡಲಿಲ್ಲ. ಇದು ನಕಲೆಂದೂ, ಕೇಳಿದವರು ಯಾರೆಂದೂ, ಬರೆಯಿಸಿದವರು ಯಾರೆಂದೂ ಶಾಸನದ ಕೊನೆಯಲ್ಲಿಯೇ ತಿಳಿಸಿದೆ. ಸತ್ಯಾಣುವ್ರತವು ದಫ್ತರದಲ್ಲಿ ನಡೆದುಬಂದಾಗ ಹೀಗೆಯೇ ಕಾಣುತ್ತದೆ. ನಕಲಾದುದರಿಂದ ವಿದ್ವಾಂಸರು ಇದನ್ನು ಎಚ್ಚರದಿಂದ ಪರಿಶೀಲಿಸಬೇಕಾಯಿತು. ಗ್ರಹಣದ ತಿಥಿ ಗಣಿತಕ್ಕೆ ಸರಿಹೊಂದಿತು. ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಶಸ್ತಿಯೂ ಶಕವರ್ಷ 820ರಲ್ಲಿ ಬಂಕೇಯನ ಮಗ ಲೋಕಾದಿತ್ಯನು, ತಂದೆ ತನ್ನ ಹೆಸರಿನಿಂದ ನೆಲೆಗೊಳಿಸಿದ ಬಂಕಾಪುರದಲ್ಲಿದ್ದು ವನವಾಸ ದೇಶವನ್ನಾಳುತ್ತಿದ್ದನೆಂದು ಹೇಳಿ, ಬೇರೊಂದು ಸಾಕ್ಷಿಯನ್ನು ಒದಗಿಸುತ್ತದೆ.

ಬಂಕೇಯನು ಕಟ್ಟಿಸಿದ ಜಿನಾಲಯಕ್ಕಿಂತಲೂ ವೀರನಂದಿಗಳು ಬರೆಯಿಸಿದ ನಕಲೇ ಆತನ ಕೀರ್ತಿಯನ್ನು ಉಳಿಸಿತು. ಬಸದಿಗಳ ಹಳೆಯ ದಾನಪತ್ರ, ಸನದು, ಲೆಕ್ಕದ ಪುಸ್ತಕಗಳು ಅನೇಕ ಕಡೆ ಗೆದ್ದಲಿಗೆ ಆಹಾರವಾಗುತ್ತಿವೆ. ಶಿಖರಕ್ಕೆ ಸುಣ್ಣ ಬಳಿಸುವ ಮುನ್ನ ಟ್ರಸ್ಟುಗಳು ಪೆಟ್ಟಿಗೆಯನ್ನೊಮ್ಮೆ ತೆರೆದು, ಇದ್ದುದನ್ನು ಇದ್ದಂತೆ ನಕಲು ಮಾಡಿಸಿ, ಮಾಡಿಸಿದವರ ಹೆಸರನ್ನೂ ದಿನಾಂಕವನ್ನೂ ಬರೆದಿಡುವುದು ಲೇಸು. ದಾನಿಯು ಕೊಟ್ಟದ್ದು ಯಾವ ಉದ್ದೇಶಕ್ಕೆಂಬುದು ಮರೆತುಹೋದರೆ, ದಾನ ಉಳಿದರೂ ಧರ್ಮ ಉಳಿಯಲಾರದು.